ಮಗ ಸೊರಗಿದ, ಮಗಳು ದಪ್ಪಗಾದಳು: ಮಕ್ಕಳ ಮೈಯ ಕೊಬ್ಬು ಎಲ್ಲಿಗೆ ಹೋಗುತ್ತದೆ, ಎಲ್ಲಿಂದ ಬರುತ್ತದೆ?

ಪ್ರಶ್ನೆ: ಡಾಕ್ಟರೇ, ನಮಗೆ ಇಬ್ಬರು ಮಕ್ಕಳು. ಮಗನಿಗೆ 6 ವರ್ಷ. ಒಂದು ವರ್ಷದವನಿದ್ದಾಗ ಹತ್ತೂವರೆ ಕೆ.ಜಿ. ಇದ್ದ. ಗುಂಡುಗುಂಡಗೆ, ಕೈಕಾಲಲ್ಲೆಲ್ಲ ಮಡಿಕೆ. ಈಗ 116 ಸೆಂ.ಮೀ. ಎತ್ತರ, 19 ಕೆ.ಜಿ. ತೂಕ. ಅಂಗಿ ಬಿಚ್ಚಿದರೆ ಪಕ್ಕೆಲುಬು ಎಣಿಸಬಹುದು. ಊಟ ಮಾಡುತ್ತಾನೆ, ಮೈಗೆ ಹತ್ತುತ್ತಿಲ್ಲ. ಮಗಳಿಗೆ 11. ಅವಳದು ಪೂರಾ ಉಲ್ಟಾ. ಚಿಕ್ಕವಳಿದ್ದಾಗ ಕಡ್ಡಿಯ ಹಾಗಿದ್ದಳು, ಈ ಒಂದು ವರ್ಷದಲ್ಲಿ ತೊಡೆ, ಹಿಂಭಾಗ ದಪ್ಪಗಾಗಿವೆ. ಕಳೆದ ವರ್ಷದ ಪ್ಯಾಂಟು ಸೊಂಟಕ್ಕೆ ಸರಿಯಾಗಿದೆ, ತೊಡೆಗೆ ಹಿಡಿಯುತ್ತಿಲ್ಲ. ಎತ್ತರ 144 ಸೆಂ.ಮೀ., ತೂಕ 38 ಕೆ.ಜಿ. ಇನ್ನೂ ಮುಟ್ಟಾಗಿಲ್ಲ. ಅವಳ ಸೋದರಮಾವ ತಮಾಷೆಗೆ 'ಗುಂಡಮ್ಮ' ಅಂದ. ಅವತ್ತಿನಿಂದ ರಾತ್ರಿ ಊಟ ಬಿಡುತ್ತಿದ್ದಾಳೆ. ಒಂದೇ ಅಡುಗೆ ತಿನ್ನುವ ಇಬ್ಬರಲ್ಲಿ ಹೀಗೇಕೆ? ಮಗುವಾಗಿದ್ದಾಗಿನ ಕೊಬ್ಬು ಎಲ್ಲಿಗೆ ಹೋಗುತ್ತದೆ? ಮಗನ ಕೆನ್ನೆ ಮತ್ತೆ ತುಂಬುತ್ತದಾ?

ಉತ್ತರ: ನೀವು ಕೊಟ್ಟ ನಾಲ್ಕು ಅಂಕಿಗಳನ್ನು ಮೊದಲು ನೋಡೋಣ. ಮಗನ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಎಷ್ಟಿದೆ ಅಂತ ತೋರಿಸುವ ಅಂಕಿ) 14ರ ಆಸುಪಾಸು, ಮಗಳದು 18ಕ್ಕಿಂತ ತುಸು ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಆಯಾ ವಯಸ್ಸಿನ ಸಾಲಿಗೆ ಹಿಡಿದು ನೋಡಿದರೆ ಇಬ್ಬರೂ ಮಿತಿಯೊಳಗೇ ಇದ್ದಾರೆ. ಮಗ ನಡುಗೆರೆಗಿಂತ ಕೆಳಗೆ, ಮಗಳು ನಡುಗೆರೆಗಿಂತ ಸ್ವಲ್ಪ ಮೇಲೆ, ಅಷ್ಟೇ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ಪಕ್ಕೆಲುಬೂ ಅಲ್ಲ, ತೊಡೆಯೂ ಅಲ್ಲ, ರಾತ್ರಿ ಬಿಡುತ್ತಿರುವ ಊಟ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕೊಬ್ಬಿನ ಲೆಕ್ಕ.

ಮನುಷ್ಯರ ಮಗು ಹುಟ್ಟುವಾಗಲೇ ಸಾಕಷ್ಟು ಕೊಬ್ಬು ಹೊತ್ತು ಬರುತ್ತದೆ. ಮಂಗದ ಮರಿಯನ್ನು ನೋಡಿದ್ದೀರಲ್ಲ, ಒಣಕಲು, ಚರ್ಮ ಮೂಳೆ ಅಷ್ಟೇ. ನಮ್ಮ ಮಕ್ಕಳು ಹಾಗಲ್ಲ. ತಿಂಗಳು ತುಂಬಿ ಹುಟ್ಟಿದ ಮಗುವಿನ ತೂಕದಲ್ಲಿ ಸುಮಾರು ಶೇ. 14 ಕೊಬ್ಬು. ಮೂರೂವರೆ ಕೆ.ಜಿ. ಮಗುವಾದರೆ ಅರ್ಧ ಕೆ.ಜಿ. ಆಯಿತು. ಇದರಲ್ಲಿ ಹೆಚ್ಚಿನದು ಸೇರುವುದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. ಅದಕ್ಕೇ ತಿಂಗಳು ತುಂಬುವ ಮುಂಚೆ ಹುಟ್ಟಿದ ಕೂಸಿನ ಚರ್ಮ ಅಷ್ಟು ತೆಳ್ಳಗೆ, ಒಳಗಿನ ನರಗಳು ಕಾಣುವ ಹಾಗೆ ಇರುತ್ತದೆ.

ಹುಟ್ಟಿದ ಮೇಲೆ ಮೊದಲ ಆರು ತಿಂಗಳು ಇನ್ನೊಂದು ಜೋರು ಓಟ. 1982ರಲ್ಲಿ ಸ್ಯಾಮ್ಯುಯೆಲ್ ಫೋಮನ್ ಮತ್ತು ಸಂಗಡಿಗರು ಹುಟ್ಟಿನಿಂದ 10 ವರ್ಷದವರೆಗೆ ಸರಾಸರಿ ಮಗುವಿನ ಮೈಯಲ್ಲಿ ನೀರೆಷ್ಟು, ಕೊಬ್ಬೆಷ್ಟು, ಉಳಿದದ್ದೆಷ್ಟು ಅಂತ ಲೆಕ್ಕ ಹಾಕಿ ಒಂದು ಪಟ್ಟಿ ಕೊಟ್ಟರು. ಹಳೆಯದಾದರೂ ಅದನ್ನು ಇವತ್ತಿಗೂ ತೆಗೆದು ನೋಡುತ್ತೇವೆ. ಅದರ ಪ್ರಕಾರ ಆರು ತಿಂಗಳ ಮಗುವಿನ ತೂಕದಲ್ಲಿ ನಾಲ್ಕನೇ ಒಂದು ಪಾಲು ಕೊಬ್ಬು. ಬಾಳಿನಲ್ಲಿ ಇನ್ಯಾವತ್ತೂ ಇಷ್ಟು ಬೇಗ ಕೊಬ್ಬು ಏರುವುದಿಲ್ಲ. ಆಮೇಲೆ ಇಳಿಕೆ. ಗಂಡುಮಕ್ಕಳಲ್ಲಿ ಒಂದು ವರ್ಷಕ್ಕೆ ಶೇ. 22ರಷ್ಟು, ಎರಡಕ್ಕೆ 19ರಷ್ಟು, ಐದಕ್ಕೆ 15ರ ಹತ್ತಿರ, ಆರಕ್ಕೆ 13 ಚಿಲ್ಲರೆ. ಹೆಣ್ಣುಮಕ್ಕಳಲ್ಲಿ ಈ ವಯಸ್ಸುಗಳಲ್ಲಿ ಒಂದರಿಂದ ಮೂರು ಅಂಕ ಜಾಸ್ತಿ.

ಈಗ ಇದನ್ನು ನಿಮ್ಮ ಮಗನಿಗೆ ಹಚ್ಚಿ ನೋಡಿ. ಒಂದು ವರ್ಷದಲ್ಲಿ ಹತ್ತೂವರೆ ಕೆ.ಜಿ. ಅಂದರೆ ಅವನ ಮೈಯಲ್ಲಿ ಹೆಚ್ಚೂಕಡಿಮೆ 2.3 ಕೆ.ಜಿ. ಕೊಬ್ಬಿತ್ತು. ಈಗ 19 ಕೆ.ಜಿ.ಯಲ್ಲಿ ಸರಾಸರಿ ಲೆಕ್ಕದಲ್ಲಿ ಎರಡೂವರೆ ಕೆ.ಜಿ. ಅವನು ಸರಾಸರಿಗಿಂತ ತೆಳ್ಳಗಿದ್ದಾನೆ, ಹಾಗಾಗಿ ಇನ್ನೂ ಸ್ವಲ್ಪ ಕಡಿಮೆಯೇ ಇದ್ದೀತು. ಅಂದರೆ ಐದು ವರ್ಷದಲ್ಲಿ ಕೊಬ್ಬು ಹೆಚ್ಚೂ ಆಗಿಲ್ಲ, ಕರಗಿಯೂ ಹೋಗಿಲ್ಲ. ಎಲ್ಲಿಗೆ ಹೋಯಿತು ಅಂತ ಕೇಳಿದ್ದೀರಿ, ಅದು ಎಲ್ಲೂ ಹೋಗಿಲ್ಲ. ಅದರ ಸುತ್ತ ಎಂಟೂವರೆ ಕೆ.ಜಿ. ಮೂಳೆ, ಸ್ನಾಯು, ರಕ್ತ, ಒಳಗಿನ ಅಂಗಾಂಗ ಬೆಳೆದಿವೆ. ಒಂದು ಚಿಕ್ಕ ರೊಟ್ಟಿಗೆ ಸವರಿದಷ್ಟೇ ಬೆಣ್ಣೆಯನ್ನು ಅದರ ಎರಡರಷ್ಟು ದೊಡ್ಡ ರೊಟ್ಟಿಗೆ ಸವರಿದ ಹಾಗೆ. ಪದರ ತೆಳ್ಳಗಾಯಿತು, ಪಕ್ಕೆಲುಬು ಕಂಡಿತು.

ಇದಕ್ಕೆ ಒಂದು ಒಳ್ಳೆಯ ಸಾಕ್ಷಿ ಇದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ಅಪೌಷ್ಟಿಕತೆ ಹಿಡಿಯಲು ಆರೋಗ್ಯ ಕಾರ್ಯಕರ್ತೆಯರು ತೋಳಿಗೆ ಬಣ್ಣದ ಟೇಪು ಸುತ್ತಿ ನೋಡುತ್ತಾರೆ. 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ ಅಂತ ಲೆಕ್ಕ. ಈ ನಾಲ್ಕೂವರೆ ವರ್ಷದ ಎಲ್ಲ ವಯಸ್ಸಿಗೂ ಒಂದೇ ಗೆರೆ ಹೇಗೆ ಸಾಕಾಗುತ್ತದೆ? ಮಗು ಎತ್ತರದಲ್ಲಿ ಎಷ್ಟೋ ಬೆಳೆದರೂ ತೋಳಿನ ಸುತ್ತಳತೆ ಈ ವರ್ಷಗಳಲ್ಲಿ ಹೆಚ್ಚು ಬದಲಾಗುವುದಿಲ್ಲ. ಕೊಬ್ಬಿನ ಪದರ ತೆಳ್ಳಗಾಗುತ್ತಾ ಬರುತ್ತದೆ, ಒಳಗೆ ಮೂಳೆ ಸ್ನಾಯು ದಪ್ಪಗಾಗುತ್ತಾ ಬರುತ್ತವೆ. ಹೊರಗಿನಿಂದ ಅಳೆದರೆ ಹತ್ತಿರ ಹತ್ತಿರ ಅಷ್ಟಕ್ಕಷ್ಟೇ. ಒಳಗೆ ಮಾತ್ರ ಸರಕೇ ಬದಲಾಗಿರುತ್ತದೆ.

ಕೊಬ್ಬು ಎಷ್ಟಿದೆ ಅನ್ನುವುದರ ಜೊತೆಗೆ ಎಲ್ಲಿದೆ ಅನ್ನುವುದೂ ವಯಸ್ಸಿನ ಜೊತೆ ಬದಲಾಗುತ್ತದೆ. ಕೂಸಿನ ಕೊಬ್ಬು ಬಹುಪಾಲು ಚರ್ಮದ ಅಡಿಯಲ್ಲೇ ಇರುತ್ತದೆ. ತೊಡೆ, ತೋಳು, ಕೆನ್ನೆ. ಹೊಟ್ಟೆಯ ಒಳಗೆ, ಕರುಳು ಯಕೃತ್ತಿನ ಸುತ್ತ ಸೇರುವ ಕೊಬ್ಬು ತೀರಾ ಕಡಿಮೆ. ದೊಡ್ಡವರಲ್ಲಿ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಅಂತೆಲ್ಲ ಹೆದರಿಸುತ್ತೇವಲ್ಲ, ಅದು ಈ ಒಳಗಿನ ಕೊಬ್ಬಿನ ವಿಷಯ. ಕೂಸಿನ ತೊಡೆಯ ಮಡಿಕೆಗೂ ಅದಕ್ಕೂ ಸಂಬಂಧವಿಲ್ಲ. ನವಜಾತ ಶಿಶುವಿಗೆ ಇನ್ನೊಂದು ಬಗೆಯ ಕೊಬ್ಬೂ ಇರುತ್ತದೆ, ಕಂದು ಬಣ್ಣದ್ದು. ಕತ್ತಿನ ಹತ್ತಿರ, ಬೆನ್ನ ಮೇಲೆ ಎರಡು ರೆಕ್ಕೆಮೂಳೆಗಳ ನಡುವೆ, ಮೂತ್ರಪಿಂಡದ ಸುತ್ತ. ಅದು ಕೂಡಿಡುವ ಕೊಬ್ಬಲ್ಲ, ಉರಿಸುವ ಕೊಬ್ಬು. ಕೂಸಿಗೆ ನಮ್ಮ ಹಾಗೆ ನಡುಗಿ ಚಳಿ ತಡೆಯಲು ಆಗುವುದಿಲ್ಲ. ಈ ಕಂದು ಕೊಬ್ಬು ತಾನೇ ಸುಟ್ಟು ಶಾಖ ಕೊಡುತ್ತದೆ. ಬೆಳೆಯುತ್ತಾ ಹೋದಂತೆ ಅದು ಕಡಿಮೆಯಾಗುತ್ತದೆ.

ಕೆನ್ನೆಯ ವಿಷಯ ಬೇರೆಯೇ. ಗಲ್ಲದ ಒಳಗೆ, ಅಗಿಯುವ ಸ್ನಾಯುವಿನ ಪಕ್ಕದಲ್ಲಿ, ಒಂದು ಪ್ರತ್ಯೇಕ ಕೊಬ್ಬಿನ ಗಂಟಿದೆ. ಹಿಂದೆ ಇದನ್ನು ಗ್ರಂಥಿ ಅಂದುಕೊಂಡಿದ್ದರು. ಇದು ಬರೀ ಕೊಬ್ಬು ಅಂತ 1802ರಲ್ಲಿ ಹೇಳಿದವರು ಫ್ರಾನ್ಸಿನ ಅಂಗರಚನಾ ತಜ್ಞ ಬಿಷಾ. ಹಾಲು ಚೀಪುವಾಗ ಕೆನ್ನೆ ಒಳಕ್ಕೆ ಕುಸಿಯದ ಹಾಗೆ ಇದು ಒತ್ತು ಕೊಡುತ್ತದೆ ಅಂತ ಹೇಳುತ್ತಾರೆ. ಮಗು ದೊಡ್ಡದಾದಂತೆ ದವಡೆ ಉದ್ದವಾಗುತ್ತದೆ, ಮುಖ ಕೆಳಕ್ಕೆ ಬೆಳೆಯುತ್ತದೆ, ಆ ಗಂಟು ಎದ್ದು ಕಾಣುವುದು ಕಡಿಮೆಯಾಗುತ್ತದೆ. ಒಂದು ವಿಚಿತ್ರ ಏನೆಂದರೆ, ಮಗು ನಿಜವಾಗಿ ಹಸಿವಿನಿಂದ ಸೊರಗಿದಾಗ ಕೊನೆಗೆ ಕರಗುವುದು ಈ ಕೆನ್ನೆಯ ಕೊಬ್ಬೇ. ಮೊದಲು ಕಂಕುಳು, ತೊಡೆಸಂದಿ, ಆಮೇಲೆ ತೊಡೆ, ಪಿರ್ರೆ, ಕಡೆಗೆ ಮುಖ. ಹಾಗಾಗಿ 'ಕೆನ್ನೆ ತುಂಬಿದೆ, ಪರವಾಗಿಲ್ಲ' ಅಂತ ಮುಖ ನೋಡಿ ತೀರ್ಮಾನ ಮಾಡುವುದು ಸರಿಯಲ್ಲ. ನಾವು ಮಗುವನ್ನು ತಿರುಗಿಸಿ ಹಿಂಭಾಗ ನೋಡುತ್ತೇವೆ. ಪಿರ್ರೆಯ ಚರ್ಮ ಸಡಿಲವಾಗಿ ದೊಗಲೆ ಚಡ್ಡಿಯ ಹಾಗೆ ನೇತಾಡುತ್ತಿದ್ದರೆ ಅದು ಕೆಟ್ಟ ಸೂಚನೆ.

ಹಾಗೆಯೇ ಎರಡು-ಮೂರು ವರ್ಷದ ಮಕ್ಕಳ ಮುಂದೆ ಬಂದ ಹೊಟ್ಟೆ. ಎಷ್ಟೋ ಅಮ್ಮಂದಿರು ಬೊಜ್ಜು ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಅದು ಕೊಬ್ಬೇ ಅಲ್ಲ. ಆ ವಯಸ್ಸಿನಲ್ಲಿ ಹೊಟ್ಟೆಯ ಸ್ನಾಯುಗಳು ಇನ್ನೂ ಬಿಗಿಯಾಗಿರುವುದಿಲ್ಲ. ಮೈ ಅಳತೆಗೆ ಯಕೃತ್ತು ದೊಡ್ಡದು. ನಿಲ್ಲುವಾಗ ಸೊಂಟವನ್ನು ಮುಂದಕ್ಕೆ ಬಾಗಿಸಿ ನಿಲ್ಲುತ್ತಾರೆ. ಎಲ್ಲ ಸೇರಿ ಹೊಟ್ಟೆ ಮುಂದೆ ಬರುತ್ತದೆ. ಪಾದವೂ ಇದೇ ಕತೆ. ಚಪ್ಪಟೆ ಪಾದ ಅಂತ ತೋರಿಸಲು ಕರೆತರುವ ಚಿಕ್ಕ ಮಕ್ಕಳಲ್ಲಿ ಬಹಳ ಜನಕ್ಕೆ ಅಂಗಾಲಿನ ಕಮಾನಿನ ಕೆಳಗೆ ಕೊಬ್ಬಿನ ದಿಂಬು ಇರುತ್ತದೆ, ಅಷ್ಟೇ. ಬೆಳೆಯುತ್ತಾ ಅದು ತೆಳ್ಳಗಾದಂತೆ ಕಮಾನು ತಾನಾಗಿ ಕಾಣತೊಡಗುತ್ತದೆ.

ಇಷ್ಟೊಂದು ಕೊಬ್ಬು ಕೂಸಿಗೆ ಯಾಕೆ ಬೇಕು? ಹೆಚ್ಚಿನವರು ಒಪ್ಪುವ ಉತ್ತರ, ಮಿದುಳಿಗೆ. ದೊಡ್ಡವರು ಸುಮ್ನೆ ಕೂತಿದ್ದಾಗ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಐದನೇ ಒಂದು ಪಾಲು ಮಿದುಳಿಗೆ ಹೋಗುತ್ತದೆ. ಕೂಸಿನಲ್ಲಿ ಅದು ಅರ್ಧಕ್ಕಿಂತ ಜಾಸ್ತಿ. ಮಿದುಳು ಹಸಿವು ಕಾಯುವ ಅಂಗವಲ್ಲ. ಹಾಲು ಬಿಡಿಸುವ ದಿನಗಳಲ್ಲಿ, ಜ್ವರ ಭೇದಿ ಬಂದ ದಿನಗಳಲ್ಲಿ ಊಟ ಕಡಿಮೆಯಾದರೂ ಅದರ ಪಾಲು ನಿಲ್ಲಬಾರದು. ಅದಕ್ಕೆ ಮೈಗೇ ಕಟ್ಟಿಕೊಟ್ಟ ಬುತ್ತಿ ಈ ಕೊಬ್ಬು.

ನಿಮ್ಮ ಮಗನ ವಯಸ್ಸಿಗೆ ಬಂದರೆ ಇನ್ನೂ ಸ್ವಾರಸ್ಯ. 2014ರಲ್ಲಿ ಕ್ರಿಸ್ಟಫರ್ ಕುಜಾವಾ ಮತ್ತು ಸಂಗಡಿಗರು ಮಿದುಳು ವಯಸ್ಸಿಗೆ ತಕ್ಕಂತೆ ಎಷ್ಟು ಸಕ್ಕರೆ ಉರಿಸುತ್ತದೆ ಅಂತ ಲೆಕ್ಕ ಹಾಕಿದರು. ಅತಿ ಜಾಸ್ತಿ ಉರಿಸುವುದು ಹುಟ್ಟಿದಾಗ ಅಲ್ಲ, ಐದು ವರ್ಷದ ಸುಮಾರಿಗೆ. ಆಗ ಮೈ ಸುಮ್ಮನಿದ್ದಾಗ ಖರ್ಚಾಗುವ ಶಕ್ತಿಯ ಮೂರನೇ ಎರಡು ಪಾಲಿನಷ್ಟು ಮಿದುಳಿಗೇ ಬೇಕು. ಅದೇ ಹೊತ್ತಿಗೆ ಮೈ ಬೆಳವಣಿಗೆ ಅತಿ ನಿಧಾನ. ಊಟ ಮೈಗೆ ಹತ್ತುತ್ತಿಲ್ಲ ಅಂತ ಬರೆದಿದ್ದೀರಿ. ತಲೆಗೆ ಹತ್ತುತ್ತಿದೆ, ಅಂತ ಹೇಳಬಹುದು.

ಈ ವಯಸ್ಸಿಗೆ ನಮ್ಮ ಕಡತದಲ್ಲಿ ಒಂದು ಹೆಸರೂ ಇದೆ. ಬಿಎಂಐ ಗೆರೆಯನ್ನು ವಯಸ್ಸಿನ ಪ್ರಕಾರ ಬರೆದರೆ ಮೊದಲ ವರ್ಷ ಏರುತ್ತದೆ, ಆಮೇಲೆ ಇಳಿಯುತ್ತಾ ಇಳಿಯುತ್ತಾ ಐದಾರು ವರ್ಷಕ್ಕೆ ತಳ ಮುಟ್ಟುತ್ತದೆ, ಅಲ್ಲಿಂದ ಮತ್ತೆ ಏರುತ್ತದೆ. ಹೀಗೆ ತಳ ಮುಟ್ಟಿ ಮೇಲೇಳುವುದನ್ನು ಕೊಬ್ಬಿನ ಮರು-ಏರಿಕೆ ಅನ್ನುತ್ತೇವೆ. 1984ರಲ್ಲಿ ಫ್ರಾನ್ಸಿನ ರೋಲಾಂ-ಕಶೆರಾ ಮತ್ತು ಸಂಗಡಿಗರು ಇದನ್ನು ಗುರುತಿಸಿ ಒಂದು ಮುಖ್ಯ ಮಾತು ಹೇಳಿದರು. ಯಾವ ಮಗುವಿನ ಗೆರೆ ಬೇಗ, ಅಂದರೆ ಐದೂವರೆ ತುಂಬುವ ಮುಂಚೆಯೇ ಮೇಲಕ್ಕೆ ತಿರುಗುತ್ತದೋ ಅದಕ್ಕೆ ಮುಂದೆ ಬೊಜ್ಜು ಬರುವ ಸಂಭವ ಜಾಸ್ತಿ. ಆಮೇಲೆ ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲೂ ಇದೇ ಕಂಡುಬಂತು.

ನೋಡಿ, ಮನೆಯಲ್ಲಿ ನಾವು ಪೂರ್ತಿ ತಲೆಕೆಳಗಾಗಿ ಯೋಚಿಸುತ್ತೇವೆ. ಮೂರೂವರೆ ನಾಲ್ಕು ವರ್ಷದ ಮಗು ಮತ್ತೆ ಗುಂಡಗಾಗುತ್ತಾ ಬಂದರೆ 'ಮೈ ಹಿಡಿಯಿತು' ಅಂತ ಸಂತೋಷ. ಆರು ವರ್ಷದ ಮಗು ತೆಳ್ಳಗಿದ್ದರೆ ಗಾಬರಿ. ನಾನಾದರೆ ಮೊದಲನೆಯ ಮಗುವನ್ನು ಆರು ತಿಂಗಳಿಗೊಮ್ಮೆ ಕರೆತನ್ನಿ ಅನ್ನುತ್ತೇನೆ, ಎರಡನೆಯದನ್ನು ಆಟಕ್ಕೆ ಕಳಿಸಿ ಅನ್ನುತ್ತೇನೆ. ನಿಮ್ಮ ಮಗ ಈಗ ನಿಂತಿರುವುದು ಸರಿಯಾಗಿ ಆ ತಳದಲ್ಲಿ.

ಹಾಗಾಗಿ ಅವನಿಗೆ ಬಾಯಿಗೆ ತುರುಕಬೇಡಿ. ತೂಕ ಏರಿಸುವ ಪುಡಿ, ಟಾನಿಕ್ಕು ಬೇಡ. ಈ ವಯಸ್ಸಿನಲ್ಲಿ ವರ್ಷಕ್ಕೆ ಐದಾರು ಸೆಂ.ಮೀ. ಎತ್ತರ, ಎರಡು ಮೂರು ಕೆ.ಜಿ. ತೂಕ ಬಂದರೆ ಸಾಕು. ಶಾಲೆಯಿಂದ ಬಂದು ಚೀಲ ಎಸೆದು ಮತ್ತೆ ಆಡಲು ಓಡುತ್ತಾನಾ? ರಾತ್ರಿ ಸರಿಯಾಗಿ ನಿದ್ದೆ ಮಾಡುತ್ತಾನಾ? ಎತ್ತರದ ಗೆರೆ ಮೊದಲಿದ್ದ ದಾರಿಯಲ್ಲೇ ಸಾಗುತ್ತಿದೆಯಾ? ಮೂರಕ್ಕೂ ಹೌದು ಅಂದರೆ ಪಕ್ಕೆಲುಬು ಎಣಿಸುವುದನ್ನು ಬಿಟ್ಟುಬಿಡಿ. ತೂಕ ನಿಜವಾಗಿ ಇಳಿಯುತ್ತಿದ್ದರೆ, ಎತ್ತರ ನಿಂತುಹೋಗಿದ್ದರೆ, ಮೇಲಿಂದ ಮೇಲೆ ಭೇದಿ, ಬಿಡದ ಕೆಮ್ಮು, ಅತಿಯಾದ ಬಾಯಾರಿಕೆ ಇದ್ದರೆ ಮಾತು ಬೇರೆ. ಆಗ ತೋರಿಸಲೇಬೇಕು.

ಇನ್ನು ಮಗಳು. ನಿಮ್ಮ ಪತ್ರದಲ್ಲಿ ಒಂದು ವಾಕ್ಯ ಬಹಳ ಕೆಲಸಕ್ಕೆ ಬಂತು. ಪ್ಯಾಂಟು ಸೊಂಟಕ್ಕೆ ಸರಿಯಾಗಿದೆ, ತೊಡೆಗೆ ಹಿಡಿಯುತ್ತಿಲ್ಲ. ಒಂದು ವರ್ಷದಲ್ಲಿ ಅವಳ ಎತ್ತರ ಬೆಳೆದಿದೆ, ತೊಡೆ ತುಂಬಿದೆ, ಸೊಂಟ ಅಲ್ಲೇ ಇದೆ. ಸುಮ್ನೆ ಜಾಸ್ತಿ ತಿಂದು ದಪ್ಪಗಾದ ಮಗುವಿನಲ್ಲಿ ಹೀಗಾಗುವುದಿಲ್ಲ. ಅಲ್ಲಿ ಸೊಂಟವೂ ಸೇರಿ ಎಲ್ಲ ಕಡೆ ಹಿಗ್ಗುತ್ತದೆ. ಇದು ಹಾರ್ಮೋನ್ ಕೆಲಸ.

ಸುಮಾರು ಏಳೆಂಟು ವರ್ಷದ ತನಕ ಗಂಡು ಹೆಣ್ಣು ಮಕ್ಕಳ ಮೈಕಟ್ಟಿನಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಆಮೇಲೆ ದಾರಿ ಕವಲೊಡೆಯುತ್ತದೆ. ಅದೇ ಫೋಮನ್ ಪಟ್ಟಿಯಲ್ಲಿ ಆರು ವರ್ಷದ ಹುಡುಗಿಯ ಮೈಯಲ್ಲಿ ಮೂರು ಕೆ.ಜಿ. ಚಿಲ್ಲರೆ ಕೊಬ್ಬು, ಹತ್ತು ವರ್ಷದ ಹುಡುಗಿಯಲ್ಲಿ ಆರು ಕೆ.ಜಿ. ಚಿಲ್ಲರೆ. ಐದು ವರ್ಷ ನಿಧಾನಕ್ಕೆ ಏರುತ್ತಿದ್ದದ್ದು ನಾಲ್ಕು ವರ್ಷದಲ್ಲಿ ಎರಡರಷ್ಟಾಯಿತು. ಹದಿಹರೆಯ ಮುಗಿಯುವ ಹೊತ್ತಿಗೆ ಆರೋಗ್ಯವಂತ ಹುಡುಗಿಯ ತೂಕದಲ್ಲಿ ಶೇ. 25ರ ಆಸುಪಾಸು ಕೊಬ್ಬಿರುತ್ತದೆ. ಅಂದರೆ ಆರು ತಿಂಗಳ ಕೂಸಿನಲ್ಲಿದ್ದ ಪಾಲಿಗೆ ಅವಳು ಮತ್ತೆ ಬಂದು ಮುಟ್ಟುತ್ತಾಳೆ. ಈ ಸಲ ಅದು ಕೂರುವ ಜಾಗ ಬೇರೆ.

ಅಂಡಾಶಯದಿಂದ ಬರುವ ಈಸ್ಟ್ರೋಜನ್ ಅನ್ನುವ ಹಾರ್ಮೋನ್ ತೊಡೆ, ಪಿರ್ರೆ, ಸೊಂಟದ ಕೆಳಗಿನ ಭಾಗ, ಎದೆ, ಈ ಜಾಗಗಳ ಕೊಬ್ಬಿನ ಕಣಗಳಿಗೆ (ಜೀವಕೋಶಗಳಿಗೆ) 'ಕೂಡಿಡಿ' ಅನ್ನುತ್ತದೆ. ಆ ಕಣಗಳು ಕೊಬ್ಬನ್ನು ಬೇಗ ಬಿಟ್ಟುಕೊಡುವುದಿಲ್ಲ. ಹೊಟ್ಟೆಯ ಕೊಬ್ಬು ಓಡಾಡಿದರೆ, ಉಪವಾಸ ಮಾಡಿದರೆ ಹೋಲಿಸಿದಂತೆ ಬೇಗ ಹೊರಬೀಳುತ್ತದೆ. ತೊಡೆಯದ್ದು ಬ್ಯಾಂಕಿನ ಠೇವಣಿಯ ಹಾಗೆ, ಮುಂದೆ ಬಸಿರು, ಬಾಣಂತನ, ಹಾಲೂಡಿಸುವ ಕಾಲಕ್ಕೆ ಒಡೆಯುವಂಥದ್ದು. ಅದಕ್ಕೇ ತೊಡೆ ಕರಗಿಸುವ ವ್ಯಾಯಾಮ ಅಂತ ವಿಡಿಯೊಗಳಲ್ಲಿ ತೋರಿಸುವುದನ್ನು ನಂಬಬೇಡಿ. ವ್ಯಾಯಾಮ ಒಳ್ಳೆಯದೇ, ಆದರೆ ಬೇಕಾದ ಜಾಗದ ಕೊಬ್ಬನ್ನಷ್ಟೇ ಆರಿಸಿ ಕರಗಿಸಲು ಬರುವುದಿಲ್ಲ. ಇನ್ನೊಂದು ಮಾತು, ತೊಡೆಯ ಚರ್ಮದಡಿಯ ಕೊಬ್ಬು ಹೊಟ್ಟೆಯ ಒಳಗಿನ ಕೊಬ್ಬಿನಷ್ಟು ಕೆಡುಕು ಮಾಡುವುದಿಲ್ಲ. ಹೆಚ್ಚುವರಿ ಕೊಬ್ಬನ್ನು ಯಕೃತ್ತಿನ ಕಡೆಗೆ ಬಿಡದೆ ಹಿಡಿದಿಟ್ಟುಕೊಳ್ಳುವ ಜಾಗ ಅದು.

ಮುಟ್ಟಿಗೂ ಇದಕ್ಕೂ ನಂಟಿದೆ. 1970ರಲ್ಲಿ ರೋಸ್ ಫ್ರಿಶ್ ಮತ್ತು ರೋಜರ್ ರೆವೆಲ್ ಅನ್ನುವವರು ಹುಡುಗಿಯ ತೂಕ ಒಂದು ಮಟ್ಟ ಮುಟ್ಟಿದಾಗ ಮುಟ್ಟು ಶುರುವಾಗುತ್ತದೆ ಅಂತ ವಾದಿಸಿದರು. ಒಂದೇ ತೂಕ ಎಲ್ಲರಿಗೂ ಲೆಕ್ಕ ಅನ್ನುವ ಮಾತು ಆಮೇಲೆ ನಿಲ್ಲಲಿಲ್ಲ. ಆದರೆ ಮೂಲ ಎಳೆ ಉಳಿಯಿತು. 1994ರಲ್ಲಿ ಲೆಪ್ಟಿನ್ ಸಿಕ್ಕಿತು. ಕೊಬ್ಬಿನ ಕಣಗಳೇ ರಕ್ತಕ್ಕೆ ಬಿಡುವ ಹಾರ್ಮೋನ್ ಅದು. 'ದಾಸ್ತಾನು ಇಷ್ಟಿದೆ' ಅಂತ ಮಿದುಳಿಗೆ ವರದಿ ಒಪ್ಪಿಸುತ್ತದೆ. ದಾಸ್ತಾನು ತೀರಾ ಕಡಿಮೆ ಇದ್ದರೆ ಮಿದುಳು ಮುಟ್ಟಿನ ಚಕ್ರಕ್ಕೆ ಚಾಲನೆ ಕೊಡುವುದಿಲ್ಲ. ಕಠಿಣ ತರಬೇತಿಯ ಓಟಗಾರ್ತಿಯರಲ್ಲಿ, ಊಟ ಬಿಡುವ ಹುಡುಗಿಯರಲ್ಲಿ ಮುಟ್ಟು ತಡವಾಗುವುದು, ನಿಂತುಹೋಗುವುದು ಇದರಿಂದಲೇ.

ಈಗ ರಾತ್ರಿ ಊಟದ ಮಾತು. ಹುಡುಗಿಯರು ಅತಿ ವೇಗವಾಗಿ ಎತ್ತರವಾಗುವುದು 12ರ ಆಸುಪಾಸಿನಲ್ಲಿ. ಬಹುತೇಕ ಮುಟ್ಟು ಶುರುವಾಗುವುದು ಅದರ ಬೆನ್ನಿಗೇ. ನಿಮ್ಮ ಮಗಳು ಆ ಹೊಸ್ತಿಲಲ್ಲಿ ನಿಂತಿದ್ದಾಳೆ. ಮೂಳೆಗೆ ಸುಣ್ಣದ ಅಂಶ ಅತಿ ಜಾಸ್ತಿ ಸೇರುವ ವರ್ಷಗಳೂ ಇವೇ. ಇಂಥ ಹೊತ್ತಿನಲ್ಲಿ ದಿನಕ್ಕೊಂದು ಊಟ ಬಿಟ್ಟರೆ ಕರಗುವುದು ತೊಡೆಯಲ್ಲ. ಎತ್ತರಕ್ಕೆ, ಮೂಳೆಗೆ, ರಕ್ತಕ್ಕೆ ಹೊಡೆತ ಬೀಳುತ್ತದೆ. ಎರಡು ಮೂರು ವಾರ ನೋಡಿ. ಊಟ ಬಿಡುವುದು ಮುಂದುವರಿದರೆ, ತಿಂದದ್ದನ್ನು ಕದ್ದು ವಾಂತಿ ಮಾಡಿದರೆ, ತೂಕ ಇಳಿದರೆ ತಡಮಾಡದೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಸಣ್ಣದು ಅಂತ ಕೈಬಿಡುವ ವಿಷಯವಲ್ಲ ಇದು.

ಆ ಸೋದರಮಾವನಿಗೂ ಸ್ವಲ್ಪ ತಿಳಿಹೇಳಿ. ಅವರದು ಪ್ರೀತಿಯ ಮಾತೇ ಇರಬಹುದು. ಆದರೆ ತನ್ನ ಮೈ ತನಗೇ ಹೊಸದಾಗಿ ಕಾಣುತ್ತಿರುವ ಹುಡುಗಿಗೆ ಅದು ತಮಾಷೆಯಾಗಿ ಕೇಳುವುದಿಲ್ಲ. ದಪ್ಪ ಅನ್ನುವ ಪದ ಮನೆಯಲ್ಲಿ ಕೆಲವು ತಿಂಗಳು ಬೇಡ, ತಮ್ಮನನ್ನು ಕಡ್ಡಿ ಅನ್ನುವುದೂ ಬೇಡ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಹೇಳಿ: ಈ ವಯಸ್ಸಿಗೆ ನನ್ನ ಮೈಯೂ ಹೀಗೇ ಬದಲಾಗಿತ್ತು ಅಂತ. ಹೊಸ ಪ್ಯಾಂಟು ಕೊಡಿಸಿ. ಹಳೆಯದರೊಳಗೆ ತೂರಿಕೊಳ್ಳಲು ಹೆಣಗುವುದೇ ದಿನಾ ಬೆಳಿಗ್ಗೆ ಅವಳಿಗೊಂದು ಬೈಗುಳ ಕೇಳಿದ ಹಾಗೆ.

ಕೊಬ್ಬು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದಾ ಅಂತ ಈ ಹಂತದಲ್ಲಿ ಬಹಳ ಜನ ಕೇಳುತ್ತಾರೆ. ಇಲ್ಲ. ಕೆನ್ನೆಯ ಕೊಬ್ಬು ತೊಡೆಗೆ ಇಳಿಯುವುದಿಲ್ಲ. ಒಂದೊಂದು ಜಾಗದ ಕೊಬ್ಬಿನ ಕಣಗಳಿಗೂ ಅದರದ್ದೇ ಖಾತೆ. ಒಂದು ಖಾತೆ ನಿಂತಲ್ಲೇ ನಿಂತಾಗ ಇನ್ನೊಂದು ತುಂಬುತ್ತದೆ. ಮೊದಲ ವರ್ಷ ಮುಖ್ಯವಾಗಿ ಇರುವ ಕಣಗಳೇ ಊದಿಕೊಳ್ಳುತ್ತವೆ. ಆಮೇಲೆ, ಅದರಲ್ಲೂ ಹದಿಹರೆಯದಲ್ಲಿ, ಕಣಗಳ ಸಂಖ್ಯೆಯೇ ಹೆಚ್ಚುತ್ತದೆ. 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇದನ್ನು ಜಾಣತನದಿಂದ ಪತ್ತೆ ಮಾಡಿದರು. ಹಿಂದೆ ಬಯಲಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ವಿಕಿರಣಶೀಲ ಇಂಗಾಲ ಆಗ ಬದುಕಿದ್ದ ಎಲ್ಲರ ಕಣಗಳಲ್ಲೂ ಗುರುತು ಬಿಟ್ಟಿತ್ತು. ಆ ಗುರುತು ಹಿಡಿದು ಕೊಬ್ಬಿನ ಕಣಗಳ ವಯಸ್ಸು ಅಳೆದರು. ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಶೇ. 10 ಕಣಗಳು ಸತ್ತು ಅಷ್ಟೇ ಹೊಸವು ಹುಟ್ಟುತ್ತವೆ. ಒಟ್ಟು ಸಂಖ್ಯೆ ಹೆಚ್ಚೂಕಡಿಮೆ ಹಾಗೇ ಉಳಿಯುತ್ತದೆ, ತೂಕ ಇಳಿಸಿಕೊಂಡವರಲ್ಲೂ ಕಡಿಮೆಯಾಗುವುದಿಲ್ಲ. ಆ ಸಂಖ್ಯೆ ನಿಗದಿಯಾಗುವುದು ಬಾಲ್ಯ, ಹದಿಹರೆಯಗಳಲ್ಲೇ. ಬಾಲ್ಯದ ಬೊಜ್ಜಿನ ಬಗ್ಗೆ ನಾವು ಅಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಯಾವಾಗ ಎಚ್ಚರ ವಹಿಸಬೇಕು? ಅದಕ್ಕೆ ತೂಕದ ಯಂತ್ರಕ್ಕಿಂತ ಟೇಪು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಬಿಎಂಐಗೆ ಕೊಬ್ಬು ಯಾವುದು, ಸ್ನಾಯು ಯಾವುದು ಗೊತ್ತಾಗುವುದಿಲ್ಲ. ಕೊಬ್ಬು ಎಲ್ಲಿದೆ ಅನ್ನುವುದಂತೂ ಗೊತ್ತೇ ಆಗುವುದಿಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ತುದಿಗೂ ನಡುವೆ ಟೇಪು ಸುತ್ತಿ, ಮಗು ಸಹಜವಾಗಿ ಉಸಿರು ಬಿಟ್ಟಾಗ ಅಳೆಯಿರಿ. ಐದು ವರ್ಷ ದಾಟಿದ ಮಕ್ಕಳಲ್ಲಿ ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ನಿಮ್ಮ ಮಗಳಿಗೆ ಅದು 72 ಸೆಂ.ಮೀ. ಅವಳ ಅಳತೆ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ ಅಂತ ಆ ಪ್ಯಾಂಟಿನ ಕತೆಯಿಂದಲೇ ಊಹಿಸಬಲ್ಲೆ, ಆದರೂ ಒಮ್ಮೆ ಅಳೆದು ಬರೆದಿಡಿ. ಸೊಂಟ ಅರ್ಧ ದಾಟಿದ್ದರೆ, ಕತ್ತಿನ ಹಿಂದೆ ಅಥವಾ ಕಂಕುಳಲ್ಲಿ ತೊಳೆದರೂ ಹೋಗದ ಕಪ್ಪು ದಪ್ಪ ಚರ್ಮ ಕಂಡರೆ ರಕ್ತ ಪರೀಕ್ಷೆ ಮಾಡಿಸಬೇಕು. ಸಾಮಾನ್ಯವಾಗಿ ತಿಂದು ದಪ್ಪಗಾದ ಮಗು ಓರಗೆಯವರಿಗಿಂತ ಎತ್ತರವೂ ಆಗಿರುತ್ತದೆ. ದಪ್ಪಗಾಗುತ್ತಾ ಎತ್ತರ ಕುಂಠಿತವಾದರೆ ಹಾರ್ಮೋನ್ ತೊಂದರೆ ಇರಬಹುದು. ಮುಖ, ಹೊಟ್ಟೆ ಉಬ್ಬಿ ಕೈಕಾಲು ಸಣಕಲಾದರೂ ಅಷ್ಟೇ. ಬಹಳ ದಿನ ಸ್ಟಿರಾಯ್ಡ್ ತೆಗೆದುಕೊಂಡ ಮಕ್ಕಳಲ್ಲಿ ಇದನ್ನು ನೋಡುತ್ತೇವೆ. ಎಂಟು ವರ್ಷದ ಮುಂಚೆ ಹುಡುಗಿಗೆ ಎದೆ ಬೆಳೆಯತೊಡಗಿದರೆ ಅದನ್ನೂ ತೋರಿಸಿ.

ಕೊನೆಗೆ ಮಗನ ಕೆನ್ನೆ. ಕೂಸಿನ ಕೆನ್ನೆ ಮತ್ತೆ ಬರುವುದಿಲ್ಲ. ಅವನ ಮುಖದ ಮೂಳೆ ಮುಂದಕ್ಕೆ ಹೋಗಿಯಾಯಿತು. ಆದರೆ ಮೈ ತುಂಬುತ್ತದೆ. ಹತ್ತರಿಂದ ಹನ್ನೆರಡರ ನಡುವೆ ಬಹಳ ಹುಡುಗರು ಸ್ವಲ್ಪ ಗುಂಡಗಾಗುತ್ತಾರೆ, ಹೊಟ್ಟೆ, ಎದೆ ಮೆತ್ತಗಾಗುತ್ತವೆ. ಆಮೇಲೆ 14ರ ಸುಮಾರಿಗೆ ಎತ್ತರ ಚಿಮ್ಮುತ್ತದೆ. ಟೆಸ್ಟೋಸ್ಟಿರಾನ್ ಅನ್ನುವ ಗಂಡು ಹಾರ್ಮೋನ್ ಸ್ನಾಯು ಕಟ್ಟುತ್ತದೆ, ಕೈಕಾಲಿನ ಕೊಬ್ಬು ನಿಜವಾಗಿಯೇ ತೆಳ್ಳಗಾಗುತ್ತದೆ. ಹುಡುಗರಲ್ಲಿ ಆಮೇಲೆ ಸೇರುವ ಕೊಬ್ಬು ಹೆಚ್ಚಾಗಿ ಮುಂಡದ ಕಡೆಗೇ. ನಡುವೆ ಒಂದಷ್ಟು ದಿನ ಮೊಲೆತೊಟ್ಟಿನ ಕೆಳಗೆ ಗಟ್ಟಿ ಗಂಟು ಬಂದು ನೋಯಬಹುದು. ಅರ್ಧದಷ್ಟು ಹುಡುಗರಿಗೆ ಇದು ಬರುತ್ತದೆ, ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ, ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಅವನಿಗೆ ಹನ್ನೊಂದು ತುಂಬಿದಾಗ ಇದನ್ನು ಅವನ ಅಪ್ಪ ಮುಂಚೆಯೇ ಹೇಳಿಟ್ಟರೆ ಚೆನ್ನ.

ಸದ್ಯಕ್ಕೆ ಇಬ್ಬರ ಎತ್ತರ, ತೂಕ, ಸೊಂಟ ಮೂರನ್ನೂ ಇವತ್ತಿನ ದಿನಾಂಕ ಹಾಕಿ ಒಂದು ಪುಸ್ತಕದಲ್ಲಿ ಬರೆಯಿರಿ. ಮಗಳ ಎದುರಿಗೆ ಅಂಕಿಗಳನ್ನು ಜೋರಾಗಿ ಓದಬೇಡಿ. ಆರು ತಿಂಗಳಾದ ಮೇಲೆ ಮತ್ತೆ ಅಳೆದು, ಎರಡು ಸಾಲನ್ನೂ ನನಗೆ ಬರೆದು ಕಳಿಸಿ.